‘ಹಾಲು ಒಗ್ಗಲ್ಲ’ ಅನ್ನುವುದಕ್ಕೆ ‘ಅಸಹಿಷ್ಣುತೆ’ ಯಾಕೆ? ‘ಬತ್ತು’ ಎಲ್ಲಿ ಬಳಸಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಮನೆಯಲ್ಲಿ ಕರೆಯುವ ಹಸು ಎರಡಿವೆ, ದಿನಾ ಡೇರಿಗೆ ಹಾಲು ಹಾಕುತ್ತೇವೆ. ನನ್ನ ತಮ್ಮನಿಗೆ ಮಾತ್ರ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಭೇದಿ. ಕೊನೆಗೆ ಕೆನ್ನೆಯ ಒಳಗೆ ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದ. ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಅಮ್ಮ ಓದಿ ಹೇಳು ಅಂದರು, ನಾನು ‘ಲ್ಯಾಕ್ಟೋಸ್ ಅಸಹಿಷ್ಣುತೆ’ ಅಂದೆ.

“ಅಂದ್ರೆ ಏನೇ? ಹಾಲು ಒಗ್ಗಲ್ಲ ಅಂತ ತಾನೇ? ಮಜ್ಜಿಗೆ ಒಗ್ಗುತ್ತೆ, ಹಾಲು ಒಗ್ಗಲ್ಲ ಅಂತ ನಾನು ಆಗಲೇ ಹೇಳಿರ್ಲಿಲ್ವಾ?”

ಅಮ್ಮನ ಮಾತೇ ಸರಿ ಅನಿಸಿತು. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಅದನ್ನು ಮೊಸರಿನ ಬ್ಯಾಕ್ಟೀರಿಯಾ ಒಂದಷ್ಟು ತಿಂದು ಹುಳಿ ಮಾಡಿರುತ್ತವೆ, ಅದಕ್ಕೇ ಎಷ್ಟೋ ಜನರಿಗೆ ಮಜ್ಜಿಗೆ ತೊಂದರೆ ಕೊಡುವುದಿಲ್ಲ. ‘ಅಸಹಿಷ್ಣುತೆ’ ಅಂದರೆ ಪೇಪರ್ ಓದುವವರಿಗೆ ಜಾತಿ, ಧರ್ಮದ ಜಗಳವೇ ನೆನಪಾಗುತ್ತದೆ. ‘ಅಲರ್ಜಿ’ ಅನ್ನುವವರೂ ಇದ್ದಾರೆ, ದಯವಿಟ್ಟು ಹಾಗೆ ಹೇಳಬೇಡಿ. ಅಲರ್ಜಿ ಆಗುವುದು ಹಾಲಿನ ಪ್ರೋಟೀನಿಗೆ, ಕೆಲವರಿಗೆ ಉಸಿರು ಕಟ್ಟುವ ಮಟ್ಟಕ್ಕೂ ಹೋಗಬಹುದು.

ನನಗೆ ತೊಡಕಾಗಿರುವುದು ಇನ್ನೊಂದು. ಒಗ್ಗದಿರುವುದನ್ನು ಈ ಜೀನ್ ಪರೀಕ್ಷೆ ನೋಡುವುದೇ ಇಲ್ಲ. ಸಣ್ಣ ಕರುಳಿನ ಲ್ಯಾಕ್ಟೇಸ್ ಅನ್ನುವ ಕಿಣ್ವ ಹಾಲಿನ ಸಕ್ಕರೆಯನ್ನು ಒಡೆಯುತ್ತದೆ, ಮೊಲೆಹಾಲು ಬಿಟ್ಟ ಮೇಲೆ ಪ್ರಪಂಚದ ಹೆಚ್ಚಿನ ಜನರಲ್ಲಿ ಅದು ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗೆ ಕಡಿಮೆಯಾಗುವುದಕ್ಕೂ ಆಗದಿರುವುದಕ್ಕೂ ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇದೆ ಅಂತ 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಆ ಅಕ್ಷರ ಎರಡೂ ‘ಸಿ’ ಆದರೆ ಲ್ಯಾಕ್ಟೇಸ್ ಕಡಿಮೆಯಾಗುತ್ತದೆ, ಒಂದಾದರೂ ‘ಟಿ’ ಇದ್ದರೆ ದೊಡ್ಡವರಾದ ಮೇಲೂ ಉಳಿಯುತ್ತದೆ. ತಮ್ಮನದು ‘ಸಿಸಿ’. ಆದರೆ ‘ಸಿಸಿ’ ಇರುವ ಎಷ್ಟೋ ಜನ ಒಂದು ಲೋಟ ಹಾಲು ಆರಾಮಾಗಿ ಕುಡಿಯುತ್ತಾರೆ. ‘ಟಿ’ ಇರುವವರಿಗೂ ಜೋರು ಭೇದಿಯಾಗಿ ಕರುಳು ಕೆಟ್ಟರೆ ಸ್ವಲ್ಪ ದಿನ ಹಾಲು ಒಗ್ಗದೆ ಹೋಗಬಹುದು, ಅದು ಈ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಹಾಲಿನ ಸಕ್ಕರೆ ಅರಗುತ್ತಿದೆಯಾ ಅಂತ ನೋಡಲು ಲ್ಯಾಕ್ಟೋಸ್ ಕುಡಿಸಿ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಬೇರೆಯೇ ಇದೆ.

ಹಾಗಾಗಿ ಎರಡು ಪದ ಬೇಕು. ಹೊಟ್ಟೆಯ ತೊಂದರೆಗೆ ‘ಹಾಲು ಒಗ್ಗದಿಕೆ’ ಸಾಕು. ಜೀನಿನ ವಿಷಯಕ್ಕೆ ನನಗೆ ಹೊಳೆದದ್ದು ‘ಬತ್ತು’. ಕರು ದೊಡ್ಡದಾಗುತ್ತಾ ಹಸು ಹಾಲು ಕಡಿಮೆ ಮಾಡಿದಾಗ ‘ಬತ್ತುತ್ತಾ ಬಂತು’ ಅಂತೀವಲ್ವಾ, ಲ್ಯಾಕ್ಟೇಸ್ ಕತೆಯೂ ಹೆಚ್ಚುಕಡಿಮೆ ಅದೇ. ‘ಸಿಸಿ’ ಅಂದರೆ ‘ಲ್ಯಾಕ್ಟೇಸ್ ಬತ್ತುವ ಬಗೆ’, ‘ಟಿ’ ಇದ್ದರೆ ‘ಬತ್ತದ ಬಗೆ’. ಹೀಗೆ ಹೇಳಿದಾಗ ಅಮ್ಮನಿಗೆ ತಕ್ಷಣ ಅರ್ಥವಾಯಿತು. ರೋಗ ಅನ್ನುವ ಭಯವೂ ಹೋಯಿತು, ಅದು ನನಗೆ ಮುಖ್ಯ.

ಒಂದೇ ಅನುಮಾನ. ಲ್ಯಾಕ್ಟೇಸ್ ಪೂರ್ತಿ ಇಲ್ಲವಾಗುವುದಿಲ್ಲ, ಸ್ವಲ್ಪ ಉಳಿದಿರುತ್ತದೆ. ‘ಬತ್ತು’ ಅಂದರೆ ನಿಮ್ಮ ಕಡೆ ಒಂದು ಹನಿಯೂ ಇಲ್ಲ ಅಂತಲೇ ಅರ್ಥವಾ?

ಇನ್ನು ಪರೀಕ್ಷೆಗೆ ‘ತಳಿ ಪರೀಕ್ಷೆ’ ಅಂತ ಕೆಲವರು ಬರೆಯುತ್ತಾರೆ. ಇಲ್ಲಿ ತಳಿ ಅಂದರೆ ಹಳ್ಳಿಕಾರ್, ಅಮೃತ ಮಹಲ್. ಡೇರಿ ಹತ್ತಿರ ಹಾಗೆಂದರೆ ಯಾವ ಹಸುವಿಗೆ ಅಂತಲೇ ಕೇಳುತ್ತಾರೆ. ನಾನು ಸುಮ್ನೆ ‘ಜೀನ್ ಪರೀಕ್ಷೆ’ ಅಂತಲೇ ಇಟ್ಟುಕೊಂಡಿದ್ದೇನೆ. ಅಜ್ಜಂಪುರ, ಕಡೂರು ಕಡೆಯವರು ‘ಒಗ್ಗಲ್ಲ’ ಅಂತೀರಾ, ‘ಆಗಿಬರಲ್ಲ’ ಅಂತೀರಾ, ಅದನ್ನೂ ತಿಳಿಸಿ.