ಶ್ಯಾಕಲ್ಟನ್ 1909ರ ಸೆಟ್ಟು, ಸಂಪುಟ 2ರ ರಟ್ಟು ಬಿಟ್ಟಿದೆ: ತಗೋಬಹುದಾ?

ಕೇಳಿದವರು: ಅಂಟಾರ್ಕ್ಟಿಕ್ ಅನ್ವೇಷಕ ಶ್ಯಾಕಲ್ಟನ್ ಬರೆದ ‘ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್’, ಲಂಡನ್, ಹೈನ್‌ಮನ್, 1909, ಎರಡು ಸಂಪುಟ. ಇಂಗ್ಲೆಂಡಿನ ಹರಾಜಿನಲ್ಲಿದೆ. ಎರಡನೇ ಸಂಪುಟದ ಮುಂದಿನ ರಟ್ಟು ಬೆನ್ನಿನಿಂದ ಬಿಟ್ಟಿದೆ, ಚಿತ್ರಗಳ ಅಂಚಿನಲ್ಲಿ ಕಂದು ಚುಕ್ಕೆ. ತಗೊಂಡು ಬೆಂಗಳೂರಲ್ಲಿ ರಿಪೇರಿ ಮಾಡಿಸಿದರೆ ಹೇಗೆ?

ಧೂಳುಕಪಾಟು: ರಟ್ಟು ಆಮೇಲೆ. ಸಂಪುಟ 2ರ ಕೊನೆಯ ಜೇಬಿನಲ್ಲಿ ಮೂರು ಮಡಿಕೆ ನಕ್ಷೆ, ಒಂದು ಪನೋರಮಾ (ಉದ್ದನೆಯ ವಿಶಾಲನೋಟದ ಚಿತ್ರ) ಇರಬೇಕು. ಒಂದೊಂದನ್ನೂ ಬಿಚ್ಚಿ ಫೋಟೊ ಕಳಿಸಲು ಹೇಳಿ. ನನ್ನ ಸೆಟ್ಟಿನ ನಕ್ಷೆಗೆ ಹಿಂದಿನವರು ಸೆಲ್ಲೊಟೇಪ್ ಅಂಟಿಸಿದ್ದರು. ಬಿಸಿ ತಾಗಿಸಿದರೆ ಪ್ಲಾಸ್ಟಿಕ್ ಎದ್ದು ಬರುತ್ತೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗಿ ಉಳಿಯುತ್ತೆ. ಲೆಕ್ಕಾನೂ ಹಾಕಿ: 400 ಪೌಂಡಿಗೆ ಕೂಗು ನಿಂತರೆ, ಹರಾಜಿನವರು ಕೊಳ್ಳುವವರಿಂದ ತಗೊಳ್ಳೋ ಶುಲ್ಕ, ಅಂದರೆ ಪ್ರೀಮಿಯಂ, ಶೇ. 25 ಸೇರಿ 500. ಪ್ಯಾಕಿಂಗು, ಕೊರಿಯರ್, ವಿಮೆ, ಬ್ಯಾಂಕಿನವರ ವಿನಿಮಯ ಕಡಿತ ಎಲ್ಲಾ ಅದರ ಮೇಲೆ.

ನೂಲುಸೂಜಿ: ರಿಪೇರಿಗೆ ಕೊಡೋ ಮುಂಚೆ ಬೈಂಡರ್ ಯಾವ ಅಂಟು ಹಾಕ್ತಾನೆ ಅಂತ ಕೇಳಿ. ಫೆವಿಕಾಲ್ ಅಂದರೆ ಎದ್ದು ಬನ್ನಿ. ಒಣಗಿದ ಮೇಲೆ ಅದು ನೀರಿಗೆ ಬಿಡಲ್ಲ, ಮುಂದಿನ ರಿಪೇರಿಯಲ್ಲಿ ಬಟ್ಟೆ ಸಮೇತ ಕಿತ್ತು ಬರುತ್ತೆ. ಬೇಕಾದ್ದು ಪಿಷ್ಟದ ಅಂಟು: ಗೋಧಿ ಪಿಷ್ಟ ಒಂದು ಭಾಗ, ನೀರು ಐದು ಭಾಗ. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಆರಿಸಿ, ಜರಡಿ ಹಿಡಿಯಬೇಕು. ರಟ್ಟೂ ಬೆನ್ನೂ ಸೇರುವ ಕೀಲಿನ ಬಟ್ಟೆಯನ್ನು ಮೆಲ್ಲಗೆ ಎತ್ತಿ, ರಟ್ಟಿನ ನೀಲಿ ಬಟ್ಟೆಗೆ ಹೊಂದುವ ಬಣ್ಣ ಹಾಕಿದ ಜಪಾನಿ ಕಾಗದ (ತೆಳುವಾದರೂ ಗಟ್ಟಿ ಕಾಗದ) ಒಳಗೆ ಕೊಟ್ಟು, ಮೂಲ ಬೆನ್ನನ್ನೇ ಮೇಲೆ ಕೂರಿಸಬೇಕು. ಮುಖಪುಟದ ಬೆಳ್ಳಿ ಅಚ್ಚಿಗೆ ಒದ್ದೆ ಬಟ್ಟೆ ತಾಗಿಸಲೇಬಾರದು.

ಕಡಲತಡಿ: ಶುರುವಾಯ್ತು ಅಂಟಿನ ಪುರಾಣ! ರಟ್ಟು ಬಿಟ್ಟಿದ್ದರೆ ಬಿಟ್ಟೇ ಇರಲಿ. ಆಮ್ಲರಹಿತ ರಟ್ಟಿನ ಪೆಟ್ಟಿಗೆ ಮಾಡಿಸಿ, ಹತ್ತಿ ಪಟ್ಟಿ ಕಟ್ಟಿ ಇಡಿ. ಮಂಗಳೂರಲ್ಲಿ ಮಳೆಗಾಲದ ತೇವಕ್ಕೆ ಪಿಷ್ಟದ ಅಂಟು ಅಂದರೆ ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ ಬಡಿಸಿದ ಹಾಗೆ. ನನ್ನ ಪ್ರತಿ ರಿಪೇರಿಯಾದ ಜಾಗದಲ್ಲೇ ಮೊದಲು ಬೂಷ್ಟು ಹಿಡಿದಿದ್ದು.

ನೂಲುಸೂಜಿ: ತೇವ ಶೇ. 65 ದಾಟಿದರೆ ಯಾವ ಪುಸ್ತಕಕ್ಕೂ ಬೂಷ್ಟು ಬರುತ್ತೆ ರೀ. ಕಪಾಟಿನೊಳಗೆ ಹೈಗ್ರೋಮೀಟರ್ ಇಟ್ಟಿದ್ದಿರಾ?

ಕಡಲತಡಿ: ನಿಮ್ಮ ಊರಿನ ಹವೆಯಲ್ಲಿ ಕೂತು ಉಪದೇಶ ಸುಲಭ.

ಧೂಳುಕಪಾಟು: ಜಗಳ ಆಮೇಲೆ ಆಡಿ. ಕಂದು ಚುಕ್ಕೆ ತೆಗೀತೀನಿ ಅಂತ ಯಾರಾದರೂ ಬ್ಲೀಚ್ ಹಿಡ್ಕೊಂಡು ಬಂದರೆ ಓಡಿಸಿ. ಚಿತ್ರಗಳು ನುಣುಪು ಲೇಪದ ಕಾಗದದವು. ಒದ್ದೆಯಾಗಿ ಒತ್ತಿಕೊಂಡರೆ ಲೇಪ ಪಕ್ಕದ ಹಾಳೆಗೆ ಅಂಟಿಬಿಡುತ್ತೆ, ಬಿಡಿಸಿದರೆ ಚಿತ್ರವೇ ಸುಲಿದು ಬರುತ್ತೆ. ಯಾತ್ರೆಯ ಚಿತ್ರಕಾರ ಮಾರ್ಸ್ಟನ್‌ರ 12 ಬಣ್ಣದ ಚಿತ್ರ ಎಣಿಸಿಕೊಳ್ಳಿ. ಚೌಕಟ್ಟು ಹಾಕಿಸೋರು ಮೊದಲು ಕೀಳೋದೇ ಅವನ್ನ.

ಮೊದಲಚ್ಚು: ಇಷ್ಟೆಲ್ಲಾ ಯಾಕೆ? ಫಿಲಡೆಲ್ಫಿಯಾದ ಲಿಪಿನ್‌ಕಾಟ್ ಮುದ್ರಣ ತಗೊಳ್ಳಿ. ಅದೂ 1909ರದ್ದೇ, ಎರಡು ಸಂಪುಟ. ನನ್ನದು ಅದೇ, ರಟ್ಟು ಗಟ್ಟಿಯಾಗಿದೆ.

ನೂಲುಸೂಜಿ: ಅದು ಅಮೆರಿಕನ್ ಮೊದಲ ಮುದ್ರಣ ಸ್ವಾಮಿ. ಲಂಡನ್ ಪ್ರತಿ ಕೇಳೋರ ಮುಂದೆ ಅದನ್ನಿಟ್ಟರೆ ತಗೋತಾರಾ?

ಮೊದಲಚ್ಚು: ಹಾಗಂದರೆ ನಿಮ್ಮ ಲಂಡನ್ ಸಾಧಾರಣ ಪ್ರತಿಯೂ ಎರಡನೇ ದರ್ಜೆಯದೇ. 300 ಪ್ರತಿಗಳ ವಿಶೇಷ ಮುದ್ರಣ ಇದೆಯಲ್ಲ: ತೊಗಲಿನ ಬೈಂಡಿಂಗು, ಅಂಟಾರ್ಕ್ಟಿಕ್ ಯಾತ್ರೆಯ ತಂಡದವರ ಸಹಿ ಇರುವ ಮೂರನೇ ಪುಸ್ತಕ. ಅದಿದ್ದರೆ ಮಾತಾಡಿ.

ಕೇಳಿದವರು: ಹರಾಜಿನವರ ಉತ್ತರ ಬಂತು. ಜೇಬಿನಲ್ಲಿ ನಕ್ಷೆ ಮೂರೂ ಇವೆಯಂತೆ. ಪನೋರಮಾ ಬಗ್ಗೆ ಏನೂ ಹೇಳಿಲ್ಲ.

ಧೂಳುಕಪಾಟು: ಹೇಳಿಲ್ಲ ಅಂದರೆ ಇಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಕೂಗಿ.