ದ್ವಿತೀಯ ಪಿಯುಸಿ ಗಣಿತ: ಈ ರಜೆಯಲ್ಲಿ ಎಲ್ಲಿಂದ ಹಿಡಿಯುದು?

ಬಡಗುಪೇಟೆ_07

ಪ್ರಥಮ ಪಿಯುಸಿ ಮುಗಿಯಿತು, ಪಿಸಿಎಂಬಿ, ಊರು ಉಡುಪಿ. ಗಣಿತದಲ್ಲಿ 80ಕ್ಕೆ 51. ಟ್ರಿಗ್ನಾಮೆಟ್ರಿ ಸೂತ್ರ ಎಲ್ಲ ಬಾಯಿಪಾಠ ಉಂಟು, ಆದರೆ ಯಾವ ಲೆಕ್ಕಕ್ಕೆ ಯಾವುದು ಹಾಕುದು ಅಂತ ಹೊಳೆಯುದಿಲ್ಲ. ಲಿಮಿಟ್ಸ್ ಅರ್ಧಂಬರ್ಧ. ಜೂನ್‌ನಲ್ಲಿ ಕಾಲೇಜು ಶುರುವಾಗುವವರೆಗೆ 7 ವಾರ ಸಿಗ್ತದೆ, ಅದರಲ್ಲಿ ಒಂದು ವಾರ ಮದುವೆ, ಅಜ್ಜಿಮನೆ ಅಂತ ಹೋದೀತು. ದಿನಕ್ಕೆ 2 ಗಂಟೆ ಕೂರಬಹುದು.

ಒಂದನೇ ಅಧ್ಯಾಯದಿಂದ ಸಾಲಾಗಿ ಹೋಗುದಾ, ಅಲ್ಲ ಎಲ್ಲರೂ ಹೆದರಿಸುವ ಇಂಟಿಗ್ರೇಶನ್ ಈಗಲೇ ಮುಗಿಸುದಾ? ಪಕ್ಕದ ಮನೆ ಅಕ್ಕನ 2019ರ ಪುಸ್ತಕ ಸಿಕ್ಕಿದೆ, ಅದು ಸಾಕಾ? ಸಿಇಟಿ ಪ್ರಶ್ನೆಗಳನ್ನೂ ಈಗಿಂದಲೇ ಬಿಡಿಸಬೇಕಾ?

ಕುಡ್ಲದ ಲೆಕ್ಕ

ಮೊದಲು ಪುಸ್ತಕದ ವಿಷಯ ಮುಗಿಸುವ. 2019ರ ಪ್ರತಿಯನ್ನು ಅಕ್ಕನಿಗೇ ವಾಪಸ್ ಕೊಟ್ಟುಬಿಡಿ. ನಮ್ಮ ಪಿಯು ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಪಠ್ಯ, ಮತ್ತೆ ಅದರಿಂದ ಆಮೇಲೆ ಸುಮಾರು ಭಾಗ ಕೈಬಿಟ್ಟಿದ್ದಾರೆ. ಡಿಟರ್ಮಿನೆಂಟಿನ ಪ್ರಾಪರ್ಟಿಗಳು, ರೋಲ್ ಥಿಯರಂ, ಮೀನ್ ವ್ಯಾಲ್ಯೂ ಥಿಯರಂ, ಟ್ಯಾಂಜೆಂಟ್-ನಾರ್ಮಲ್, ಎರಡು ಕರ್ವ್‌ಗಳ ನಡುವಿನ ಏರಿಯಾ, 3ಡಿಯಲ್ಲಿ ಪ್ಲೇನ್ ಇಡೀ, ಪ್ರಾಬೆಬಿಲಿಟಿಯಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಶನ್ ಇವೆಲ್ಲ ಹಳೆಯದರಲ್ಲಿ ಉಂಟು, ಹೊಸದರಲ್ಲಿ ಇಲ್ಲ. ಹಳೆ ಪುಸ್ತಕ ಹಿಡಿದು ಕೂತರೆ ಎರಡು ವಾರ ಇಂಥದ್ದರಲ್ಲೇ ಹೋಗ್ತದೆ. (ಪ್ರಶ್ನೆ ತೆಗೆಯುವವರೇ ಈ ವಿಷಯದಲ್ಲಿ ಎಡವಿದ್ದಾರೆ. 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು, ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು.) ಹೊಸ ಪುಸ್ತಕದ ಪಿಡಿಎಫ್ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪುಕ್ಕಟೆ ಸಿಗ್ತದೆ. ಎರಡು ಭಾಗ: 1ರಿಂದ 6 ಒಂದರಲ್ಲಿ, 7ರಿಂದ 13 ಇನ್ನೊಂದರಲ್ಲಿ.

ಇನ್ನು ಕ್ರಮ. ಒಂದನೇ ಅಧ್ಯಾಯದಿಂದಲೂ ಬೇಡ, 7ನೇ ಅಧ್ಯಾಯಕ್ಕೆ ಹಾರುದೂ ಬೇಡ. ಮೊದಲ ಒಂದು ವಾರ ಹೊಸ ಪುಸ್ತಕ ತೆರೆಯಲೇಬೇಡಿ. "ಬಾಯಿಪಾಠ ಉಂಟು, ಹೊಳೆಯುದಿಲ್ಲ" ಅಂದಿರಲ್ಲ, ಕಾರಣ ಇಷ್ಟೇ: 30 ಸೂತ್ರಗಳನ್ನು 30 ಬೇರೆ ಬೇರೆ ವಸ್ತುಗಳ ಹಾಗೆ ಇಟ್ಟುಕೊಂಡಿದ್ದೀರಿ. ಖಾಲಿ ಹಾಳೆ ತೆಗೆದು ಸೈನ್(ಎ+ಬಿ), ಸೈನ್(ಎ−ಬಿ), ಕಾಸ್(ಎ+ಬಿ), ಕಾಸ್(ಎ−ಬಿ) ಈ ನಾಲ್ಕನ್ನು ಮಾತ್ರ ಬರೆಯಿರಿ. ಮೊದಲ ಎರಡನ್ನು ಕೂಡಿಸಿದರೆ 2 ಸೈನ್ ಎ ಕಾಸ್ ಬಿ ಬರ್ತದೆ. ಕಾಸ್(ಎ+ಬಿ)ಯಲ್ಲಿ ಬಿ ಜಾಗಕ್ಕೆ ಎ ಹಾಕಿದರೆ ಕಾಸ್ 2ಎ = 1 − 2 ಸೈನ್²ಎ. ಅದನ್ನೇ ತಿರುಗಿಸಿ ಬರೆದರೆ ಸೈನ್²ಎ = (1 − ಕಾಸ್ 2ಎ)/2. ಸೈನ್²ಎಕ್ಸ್‌ನ ಇಂಟಿಗ್ರೇಶನ್ ಆಗುದು ಈ ಕೊನೆಯ ಸಾಲಿನಿಂದ, ಸೈನ್ 3ಎಕ್ಸ್ ಕಾಸ್ 4ಎಕ್ಸ್ ಆಗುದು ಮೊದಲ ಕೂಡುವಿಕೆಯಿಂದ. ದಿನಾ ಬೆಳಿಗ್ಗೆ ಈ ಹಾಳೆಯನ್ನು ನೋಡದೆ ಬರೆದು ಉಳಿದದ್ದನ್ನು ಹುಟ್ಟಿಸಿ. ನಾಲ್ಕನೇ ದಿನಕ್ಕೆ 15 ನಿಮಿಷದಲ್ಲಿ ಮುಗಿಯಬೇಕು. ಕೋನ ಎಲ್ಲ ರೇಡಿಯನ್‌ನಲ್ಲೇ ಬರೆಯಿರಿ, ಡಿಗ್ರಿಯ ಅಭ್ಯಾಸ ಇಲ್ಲಿಗೇ ಬಿಡಿ.

ಎರಡು ಮತ್ತು ಮೂರನೇ ವಾರ 5ನೇ ಅಧ್ಯಾಯದ ಡಿಫರೆನ್ಶಿಯೇಶನ್. ಅದರಲ್ಲಿ ಜೀವ ಇರುದು ಚೈನ್ ರೂಲ್‌ನಲ್ಲಿ. ತೆಂಗಿನಕಾಯಿ ಸುಲಿದ ಹಾಗೆ: ಮೊದಲು ಸಿಪ್ಪೆ, ಮತ್ತೆ ಗೆರಟೆ, ಆಮೇಲೆ ತಿರುಳು. ಲಾಗ್(ಕಾಸ್(ಇ^ಎಕ್ಸ್)) ತೆಗೆದುಕೊಳ್ಳಿ. ಲಾಗ್ ಸುಲಿದರೆ 1/ಕಾಸ್(ಇ^ಎಕ್ಸ್), ಕಾಸ್ ಸುಲಿದರೆ −ಸೈನ್(ಇ^ಎಕ್ಸ್), ಒಳಗಿನದು ಇ^ಎಕ್ಸ್. ಮೂರನ್ನೂ ಗುಣಿಸಿದರೆ −ಇ^ಎಕ್ಸ್ ಟ್ಯಾನ್(ಇ^ಎಕ್ಸ್). ಹೆಚ್ಚಿನವರು ಎರಡನೇ ಪದರಕ್ಕೇ ನಿಲ್ಲಿಸಿಬಿಡ್ತಾರೆ, ಕೊನೆಯ ಇ^ಎಕ್ಸ್ ಮರೆತೇಹೋಗ್ತದೆ. ಇನ್ನೊಂದು ಗುಂಡಿ ಎಕ್ಸ್^ಎಕ್ಸ್. ಇದಕ್ಕೆ ಎಕ್ಸ್^ಎನ್‌ನ ಸೂತ್ರ ಹಾಕುವ ಹಾಗಿಲ್ಲ, ಯಾಕೆಂದರೆ ಮೇಲಿನ ಘಾತವೂ ಬದಲಾಗ್ತಾ ಉಂಟು. ಎರಡೂ ಕಡೆ ಲಾಗ್ ತೆಗೆದು ಮಾಡಿದರೆ ಎಕ್ಸ್^ಎಕ್ಸ್ (1 + ಲಾಗ್ ಎಕ್ಸ್).

ಮದುವೆ, ಅಜ್ಜಿಮನೆ ಇರುವ ವಾರಕ್ಕೆ ಮ್ಯಾಟ್ರಿಕ್ಸ್ ಇಟ್ಟುಕೊಳ್ಳಿ. ಗಲಾಟೆಯ ನಡುವೆಯೂ ಆಗುವಂಥದ್ದು. ಉಳಿದ ಮೂರು ವಾರ ಇಂಟಿಗ್ರೇಶನ್.

ಸೆಖೆ ಜಾಸ್ತಿ ಮಾರಾಯ್ರೆ

ಮೇಲಿನವರ ಕ್ರಮಕ್ಕೆ ನನ್ನದೊಂದು ತಕರಾರು ಉಂಟು. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಮೊದಲೇ ಮಾಡಿ ಅಂತ ನಾನು ಹೇಳುದು. ಅದಕ್ಕೆ ಪ್ರಥಮ ಪಿಯುಸಿಯ ಯಾವ ಪಾಠವೂ ಬೇಡ, ಕೂಡು-ಗುಣಿಸು ಬಂದರೆ ಸಾಕು. 51 ತೆಗೆದವರಿಗೆ ಮೊದಲ ವಾರವೇ ಪುನಃ ಟ್ರಿಗ್ನಾಮೆಟ್ರಿ ಅಂದರೆ ಎರಡನೇ ವಾರಕ್ಕೆ ಪುಸ್ತಕ ಮಂಚದ ಅಡಿಗೆ ಹೋಗ್ತದೆ.

ಆದರೆ ಸುಲಭ ಅಂತ ಸಸಾರ ಮಾಡಬೇಡಿ. ಮೂರು ಸಮೀಕರಣಗಳನ್ನು ಮ್ಯಾಟ್ರಿಕ್ಸ್ ವಿಧಾನದಲ್ಲಿ ಬಿಡಿಸುದು 5 ಅಂಕದ ಖಾಯಂ ಗಿರಾಕಿ. ಅದರಲ್ಲಿ ಒಂಬತ್ತು ಕೋಫ್ಯಾಕ್ಟರ್ (ಒಂದು ಸಂಖ್ಯೆಯ ಅಡ್ಡಸಾಲು, ಕಂಬಸಾಲು ಬಿಟ್ಟು ಉಳಿದದ್ದರ ಡಿಟರ್ಮಿನೆಂಟ್, ಚಿಹ್ನೆ ಸಮೇತ). ಒಂದರ ಚಿಹ್ನೆ ತಪ್ಪಿದರೂ ಕೊನೆಯ ಎಕ್ಸ್, ವೈ, ಝಡ್ ಎಲ್ಲ ಭಿನ್ನರಾಶಿಯಾಗಿ ಕೂರ್ತದೆ. ಎರಡನೇ ದೊಡ್ಡ ತಪ್ಪು, ಕೋಫ್ಯಾಕ್ಟರ್ ಬರೆದ ಮೇಲೆ ಟ್ರಾನ್ಸ್‌ಪೋಸ್ (ಅಡ್ಡಸಾಲನ್ನು ಕಂಬಸಾಲು) ಮಾಡದೆ ಅದನ್ನೇ ಅಡ್ಜಾಯಿಂಟ್ ಅನ್ನುದು. ಎರಡನ್ನೂ ಹಿಡಿಯಲಿಕ್ಕೆ ಅರ್ಧ ನಿಮಿಷದ ಪರೀಕ್ಷೆ ಉಂಟು: ಮೂಲ ಮ್ಯಾಟ್ರಿಕ್ಸ್‌ನ ಮೊದಲ ಅಡ್ಡಸಾಲನ್ನು ಅಡ್ಜಾಯಿಂಟಿನ ಮೊದಲ ಕಂಬಸಾಲಿನಿಂದ ಗುಣಿಸಿ ಕೂಡಿಸಿ, ಡಿಟರ್ಮಿನೆಂಟಿನ ಬೆಲೆ ಬರಬೇಕು. ಅದೇ ಅಡ್ಡಸಾಲನ್ನು ಎರಡನೇ ಮತ್ತು ಮೂರನೇ ಕಂಬಸಾಲಿನಿಂದ ಗುಣಿಸಿದರೆ ಎರಡು ಸಲವೂ 0 ಬರಬೇಕು. ಬರಲಿಲ್ಲ ಅಂದರೆ ಮುಂದೆ ಹೋಗಬೇಡಿ, ಅಲ್ಲೇ ತಪ್ಪು ಉಂಟು.

ಮತ್ತೆ ಹೊತ್ತು. ಏಪ್ರಿಲ್-ಮೇಯಲ್ಲಿ ಇಲ್ಲಿ ಮಧ್ಯಾಹ್ನ 2 ಗಂಟೆಗೆ ಫ್ಯಾನಿನಡಿ ಕೂತರೂ ಬೆವರು ಪುಸ್ತಕಕ್ಕೆ ಇಳಿಯುತ್ತದೆ, ಕರೆಂಟು ಹೋದರೆ ಕಥೆ ಮುಗಿಯಿತು. ಬೆಳಿಗ್ಗೆ 6ರಿಂದ 7.30 ಹೊಸ ಪಾಠ, ಸಂಜೆ ಅರ್ಧ ಗಂಟೆ ಬೆಳಿಗ್ಗೆ ತಪ್ಪಿದ ಲೆಕ್ಕ ಮಾತ್ರ. 2 ಗಂಟೆ ಆಯಿತಲ್ಲ.

ಕೆಂಪು ಪೆನ್ನು

ಇಂಟಿಗ್ರೇಶನ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಸೂತ್ರ ಗೊತ್ತಿದ್ದೂ ಮಕ್ಕಳು ದಾರಿ ತಪ್ಪುವುದು ಇಲ್ಲಿಯೇ. ಈ ಮೂರನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬಿಡಿಸಿ:

1/(ಎಕ್ಸ್² + 4ಎಕ್ಸ್ + 13)
1/(ಎಕ್ಸ್² + 4ಎಕ್ಸ್ − 5)
1/√(5 − 4ಎಕ್ಸ್ − ಎಕ್ಸ್²)

ಮೂರರಲ್ಲೂ ಮೊದಲ ಕೆಲಸ ಒಂದೇ, ವರ್ಗ ಪೂರ್ಣಗೊಳಿಸುವುದು. 4ರ ಅರ್ಧ 2, ಆದ್ದರಿಂದ ಒಳಗೆ ಬರುವುದು (ಎಕ್ಸ್+2)². ಮೊದಲನೆಯದು (ಎಕ್ಸ್+2)² + 9. ಎರಡನೆಯದು (ಎಕ್ಸ್+2)² − 9. ಮೂರನೆಯದರಲ್ಲಿ ರೂಟಿನ ಒಳಗೆ 9 − (ಎಕ್ಸ್+2)². ಸಂಖ್ಯೆ ಅದೇ 9, ಚಿಹ್ನೆ ಮಾತ್ರ ಬೇರೆ, ಉತ್ತರದ ರೂಪವೇ ಬದಲಾಗುತ್ತದೆ:

(1/3) ಟ್ಯಾನ್ ಇನ್ವರ್ಸ್ ((ಎಕ್ಸ್+2)/3) + ಸಿ
(1/6) ಲಾಗ್ |(ಎಕ್ಸ್−1)/(ಎಕ್ಸ್+5)| + ಸಿ
ಸೈನ್ ಇನ್ವರ್ಸ್ ((ಎಕ್ಸ್+2)/3) + ಸಿ

ಗಮನಿಸಬೇಕಾದ್ದು: ಟ್ಯಾನ್ ಇನ್ವರ್ಸ್‌ನ ಮುಂದೆ 1/3 ಇದೆ, ಸೈನ್ ಇನ್ವರ್ಸ್‌ನ ಮುಂದೆ ಏನೂ ಇಲ್ಲ. ಲಾಗ್‌ನಲ್ಲಿ 1/3 ಅಲ್ಲ, 1/6. ಹೆಚ್ಚು ಕಡಿಮೆ ಪ್ರತಿ ತಪ್ಪೂ ಈ ಮುಂದಿನ ಸಂಖ್ಯೆಯಲ್ಲೇ ಆಗುತ್ತದೆ. ಸಂಶಯ ಬಂದರೆ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ ನೋಡಿ, ಪ್ರಶ್ನೆ ವಾಪಸ್ ಬರಬೇಕು. ಡಿಫರೆನ್ಶಿಯೇಶನ್ ಗಟ್ಟಿಯಾಗದೆ ಇದಕ್ಕೆ ಕೈ ಹಾಕಬೇಡಿ ಅನ್ನುವುದು ಇದಕ್ಕೇ. ತನ್ನ ಉತ್ತರವನ್ನು ತಾನೇ ತಿದ್ದಿಕೊಳ್ಳಬಹುದಾದ ಪಾಠ ಇದು, ಆ ಅನುಕೂಲ ಕಳೆದುಕೊಳ್ಳುವುದು ಯಾಕೆ?

ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಸಬ್‌ಸ್ಟಿಟ್ಯೂಶನ್ ಮಾಡಿದ ಕೂಡಲೇ ಲಿಮಿಟ್ಸ್ ಬದಲಾಯಿಸಿ. ಟಿ = ಎಕ್ಸ್² ಅಂತ ಹಾಕಿ, ಲಿಮಿಟ್ 0ರಿಂದ 2 ಹಾಗೆಯೇ ಬಿಟ್ಟರೆ ಉತ್ತರ ತಪ್ಪು; ಅದು 0ರಿಂದ 4 ಆಗಬೇಕು. ರಜೆಯಲ್ಲಿ ಇಷ್ಟಕ್ಕೆ ನಿಲ್ಲಿಸಿದರೂ ನಷ್ಟವಿಲ್ಲ. ಡಿಫರೆನ್ಶಿಯಲ್ ಈಕ್ವೇಶನ್ ಈಗ ಬೇಡ. ಬೇಕೇ ಅನ್ನುವವರಿಗೆ ಒಂದು ಮಾತು: ಎಕ್ಸ್ ಡಿವೈ/ಡಿಎಕ್ಸ್ + 2ವೈ = ಎಕ್ಸ್² ಎಂಬಂಥ ಲೀನಿಯರ್ ಸಮೀಕರಣದಲ್ಲಿ ಮೊದಲು ಎಕ್ಸ್‌ನಿಂದ ಭಾಗಿಸಿ. ಆಗ ವೈನ ಮುಂದಿರುವ ಪಿ = 2/ಎಕ್ಸ್, ಇಂಟಿಗ್ರೇಟಿಂಗ್ ಫ್ಯಾಕ್ಟರ್ (ಎರಡೂ ಕಡೆ ಗುಣಿಸಬೇಕಾದ್ದು) ಎಕ್ಸ್². ಭಾಗಿಸದೆ ಪಿ = 2 ಅಂದುಕೊಂಡರೆ ಇ^2ಎಕ್ಸ್ ಬಂದು ಲೆಕ್ಕ ಎಲ್ಲಿಗೋ ಹೋಗುತ್ತದೆ.

ಬಡಗುಪೇಟೆ_07

ತುಂಬಾ ಥ್ಯಾಂಕ್ಸ್. ಎರಡನೇ ಅಧ್ಯಾಯ ಸಣ್ಣದು ಅಂತ ನೋಡಿದೆ. ಸೈನ್ ಇನ್ವರ್ಸ್ ಆಫ್ ಸೈನ್ (3ಪೈ/5) ಅಂದರೆ 3ಪೈ/5 ಅಲ್ವಾ? ಪುಸ್ತಕದ ಹಿಂದೆ 2ಪೈ/5 ಅಂತ ಉಂಟು. ಅಚ್ಚಿನ ತಪ್ಪಾ?

ಕುಡ್ಲದ ಲೆಕ್ಕ

ಅಚ್ಚಿನ ತಪ್ಪಲ್ಲ. ಸೈನ್ ಇನ್ವರ್ಸ್ ಕೊಡುವ ಉತ್ತರ −ಪೈ/2ರಿಂದ ಪೈ/2ರ ಒಳಗೇ ಇರಬೇಕು. 3ಪೈ/5 ಅಂದರೆ 108 ಡಿಗ್ರಿ, ಗಡಿಯ ಹೊರಗೆ ಬಿತ್ತು. ಸೈನ್(ಪೈ − ಥೀಟಾ) = ಸೈನ್ ಥೀಟಾ ಆದ ಕಾರಣ ಅದೇ ಬೆಲೆ ಕೊಡುವ ಒಳಗಿನ ಕೋನ 2ಪೈ/5, ಅಂದರೆ 72 ಡಿಗ್ರಿ. ಕಾಸ್ ಇನ್ವರ್ಸ್‌ಗೆ ಗಡಿ 0ರಿಂದ ಪೈ, ಹಾಗಾಗಿ ಕಾಸ್ ಇನ್ವರ್ಸ್ ಆಫ್ ಕಾಸ್ (3ಪೈ/5) ಮಾತ್ರ 3ಪೈ/5 ಹಾಗೆಯೇ ಉಳಿಯುತ್ತದೆ. ಟ್ಯಾನ್ ಇನ್ವರ್ಸ್‌ಗೆ −ಪೈ/2 ಮತ್ತು ಪೈ/2ರ ನಡುವೆ, ಎರಡು ತುದಿ ಬಿಟ್ಟು. ಟ್ಯಾನ್ ಇನ್ವರ್ಸ್ ಆಫ್ ಟ್ಯಾನ್ (3ಪೈ/4) ಎಷ್ಟಾಗ್ತದೆ ಹೇಳಿ ನೋಡುವ.

ಬಡಗುಪೇಟೆ_07

−ಪೈ/4?

ಕುಡ್ಲದ ಲೆಕ್ಕ

ಸರಿ. ಆರು ಇನ್ವರ್ಸ್‌ಗಳ ಗಡಿಯನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ. ಆ ಪಾಠದಲ್ಲಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಅದೇ.

ಮೂರನೇ ಬೆಂಚು

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಾದರೆ ಇನ್ನೊಂದು ವಿಷಯ. ಸಂಭವನೀಯತೆ ಹೋಗಿ ಪ್ರಾಬೆಬಿಲಿಟಿ ಅಂತ ಹೆಸರು ಬದಲಾದ್ದು ಹತ್ತು ದಿನದಲ್ಲಿ ರೂಢಿಯಾಗ್ತದೆ, ಅದು ದೊಡ್ಡ ಕಷ್ಟ ಅಲ್ಲ. ಕೈಕೊಡುದು ಸಣ್ಣ ಪದಗಳು. "ಅಟ್ ಲೀಸ್ಟ್ 3" ಅಂದರೆ 3 ಅಥವಾ ಹೆಚ್ಚು, "ಅಟ್ ಮೋಸ್ಟ್ 3" ಅಂದರೆ 3 ಅಥವಾ ಕಡಿಮೆ. ಲೀಸ್ಟ್ ಅಂತ ಕೇಳಿದ ಕೂಡಲೇ "ಕಡಿಮೆ" ಅಂತ ತಲೆಗೆ ಹೋಗಿ ಚಿಹ್ನೆ ತಿರುಗಿಸಿ ಹಾಕ್ತಾರೆ. ಎಲ್‌ಪಿಪಿಯಲ್ಲಿ (ಲೀನಿಯರ್ ಪ್ರೋಗ್ರಾಮಿಂಗ್ ಪಾಠ) ಅಲ್ಲಿಗೆ ಗ್ರಾಫಿನ ಶೇಡಿಂಗ್ ಪೂರ್ತಿ ಆಚೆ ಬದಿಗೆ ಹೋಯ್ತು. ಪ್ರಾಬೆಬಿಲಿಟಿಯಲ್ಲಿ "ಅಟ್ ಲೀಸ್ಟ್ ಒನ್" ಕಂಡರೆ ಒಂದೊಂದೇ ಎಣಿಸಲಿಕ್ಕೆ ಹೋಗದೆ 1ರಿಂದ "ಒಂದೂ ಇಲ್ಲ" ಅನ್ನುವ ಸಂಭವವನ್ನು ಕಳೆಯಿರಿ. ಮೂರು ನಾಣ್ಯ ಹಾರಿಸಿದರೆ ಕನಿಷ್ಠ ಒಂದು ಹೆಡ್ ಬೀಳುವ ಸಂಭವ 1 − 1/8 = 7/8, ಮುಗಿಯಿತು.

ಕೆಂಪು ಪೆನ್ನು

ಸಿಇಟಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬೋರ್ಡಿನ ಲಿಖಿತ ಪರೀಕ್ಷೆ 80 ಅಂಕಕ್ಕೆ, ಅದರಲ್ಲಿ 1 ಅಂಕದವು 20. ಉಳಿದ 60 ಅಂಕಕ್ಕೆ ಹಂತ ಹಂತವಾಗಿ ಬರೆಯಬೇಕು. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕಲಿಯುವ ಹಂತದಲ್ಲೇ 80 ಸೆಕೆಂಡಿನ ಓಟಕ್ಕೆ ಬಿದ್ದವರಿಗೆ ಹಂತ ಹಾರಿಸುವ ಚಾಳಿ ಅಂಟುತ್ತದೆ, ಆಮೇಲೆ ಬೋರ್ಡಿನಲ್ಲಿ 5 ಅಂಕದ ಉತ್ತರ ಮೂರು ಸಾಲಿಗೆ ಮುಗಿಯುತ್ತದೆ. ಹಾಗಾಗಿ ರಜೆಯಲ್ಲಿ ಬೇಡ. ಒಂದು ವಿನಾಯಿತಿ: ಸಿಇಟಿಯಲ್ಲಿ ಪ್ರಥಮ ಪಿಯುಸಿ ಪಾಠಗಳೂ ಇವೆ, ಅವು ಈಗ ಹೇಗೂ ಓದಿ ಆಗಿವೆ. ಭಾನುವಾರಕ್ಕೊಮ್ಮೆ ಆ ಪಾಠಗಳಿಂದ ಮಾತ್ರ 15 ಪ್ರಶ್ನೆ, 20 ನಿಮಿಷ ಗಡಿಯಾರ ಇಟ್ಟು ಮಾಡಿ.

ಇನ್ನೊಂದು, ಎರಡು ಪುಸ್ತಕ ಇಡಿ. 200 ಪುಟದ್ದು ಲೆಕ್ಕಕ್ಕೆ, ಸಣ್ಣದೊಂದು ತಪ್ಪಿಗೆ. ತಪ್ಪಿದ ಲೆಕ್ಕದ ಪ್ರಶ್ನೆ, ಎಷ್ಟನೇ ಸಾಲಿನಲ್ಲಿ ತಪ್ಪಿತು, ಯಾಕೆ, ಇಷ್ಟು ಬರೆದರೆ ಸಾಕು. ಪೂರ್ತಿ ಉತ್ತರ ನಕಲು ಮಾಡಬೇಡಿ.

ಸೆಖೆ ಜಾಸ್ತಿ ಮಾರಾಯ್ರೆ

ಆ ಸಣ್ಣ ಪುಸ್ತಕದಲ್ಲಿ ವಾರದ ಕೊನೆಗೆ ಎಣಿಸಿ ನೋಡಿ. ಚಿಹ್ನೆ ತಪ್ಪಿದ್ದೇ ಜಾಸ್ತಿಯಾದರೆ ಹೊಸ ಅಧ್ಯಾಯ ಬೇಡ, ಬರೆಯುವ ವೇಗ ತಗ್ಗಿಸಿ, ಒಂದು ಸಾಲಿಗೆ ಒಂದೇ ಹಂತ. ಸೂತ್ರ ತಪ್ಪಿದ್ದು ಜಾಸ್ತಿಯಾದರೆ ಪುನಃ ಆ ನಾಲ್ಕು ಸಾಲಿನ ಖಾಲಿ ಹಾಳೆ.