ಅಜ್ಜ ಶಿಕಾರಿಗೆ ಕೂರುತ್ತಿದ್ದ ಬಿಲ್ಲಿಗೆ (ಮಿಗಕ್ಕಾಗಿ ಕಾದು ಕೂರುವ ಜಾಗಕ್ಕೆ) ಈ ಚಳಿಗಾಲದಲ್ಲಿ ಅವರೊಂದಿಗೆ ಹೋಗಬಹುದೇ?

ಪ್ರಶ್ನೆ: ಹಿನ್ನೀರಿನ ಮೊಮ್ಮಗಳು

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಅಂಚಿಗಿರುವ ಊರು. ಅಜ್ಜನಿಗೆ ಈಗ 86 ವರ್ಷ. ಅವರು 17ರ ಹುಡುಗನಾಗಿದ್ದಾಗ, ಲಿಂಗನಮಕ್ಕಿಯ ನೀರು ಇನ್ನೂ ನಮ್ಮ ಕಣಿವೆಗೆ ಏರಿರದ ಕಾಲದಲ್ಲಿ, ಮಾಗಿಯ ಒಂದು ಬೆಳಗಿನ ಜಾವ ಅವರ ಅಜ್ಜ ಅವರನ್ನು ಮೊದಲ ಸಲ ಮಿಗದ ಶಿಕಾರಿಗೆ ಕರೆದುಕೊಂಡು ಹೋಗಿದ್ದರಂತೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಳು ನುಗ್ಗುವವರು, ಅಂದರೆ ಪೊದೆಗಳಿಂದ ಮಿಗವನ್ನು ಎಬ್ಬಿಸುವವರು, ಕೆಳಗಿನಿಂದ ಕೂಗು ಹಾಕುತ್ತಾ ಏರಿ ಬರುತ್ತಿದ್ದರು. ಇವರಿಬ್ಬರೂ ಗುಡ್ಡದ ನೆತ್ತಿಯಲ್ಲಿ ಒಂದು ನಂದಿ ಮರದ ಮರೆಯಲ್ಲಿ ಬಿಲ್ಲಿಗೆ ಕುಳಿತಿದ್ದರು. ಕೇಪಿನ ಕೋವಿ ಹಿರಿಯರ ಕೈಯಲ್ಲಿತ್ತು, ಹುಡುಗನಿಗೆ ಅಲುಗಾಡದೆ ಕೂರುವುದಷ್ಟೇ ಕೆಲಸ. ಕೊಂಬಿನ ಕಡವೆಯೊಂದು ಹತ್ತು ಮಾರು ದೂರಕ್ಕೆ ಬಂದು ನಿಂತಿತು. ಅದರ ಮೂಗಿನಿಂದ ಬಿಸಿಯುಸಿರು ಹೊಗೆಯಂತೆ ಏಳುತ್ತಿದ್ದುದು ಅಜ್ಜನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟರಲ್ಲಿ ಕುತ್ತಿಗೆಗೆ ಹತ್ತಿದ ಉಣುಗನ್ನು (ಉಣ್ಣೆಯನ್ನು) ಕೀಳಲು ಹುಡುಗ ಕೈ ಎತ್ತಿದ್ದೇ ತಡ, ಕಡವೆ ಮಾಯವಾಯಿತು. ಹಿರಿಯರು ಬೈಯಲಿಲ್ಲ, ಮನೆ ಮುಟ್ಟುವವರೆಗೂ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಮತ್ತೆ ಅವರನ್ನೇ ಕರೆದುಕೊಂಡು ಹೋದರು.

ಹೆಣ್ಣುಮಕ್ಕಳನ್ನು ಶಿಕಾರಿಗೆ ಕರೆದೊಯ್ಯುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಬಿಲ್ಲು ಎಂದರೇನೆಂಬುದನ್ನು ನಾನು ಕೇಳಿ ಮಾತ್ರ ಬಲ್ಲೆ. ಕಳೆದ ವಾರ ಅಜ್ಜ ತಾವಾಗಿಯೇ, "ಮಗಾ, ಎಳ್ಳಮಾವಾಸ್ಯೆ ಕಳೀಲಿ, ನಿಂಗೆ ಆ ಬಿಲ್ಲು ತೋರಿಸ್ತೀನಿ" ಎಂದರು. ಕಣಿವೆಯ ತಗ್ಗು ನೀರಿನಲ್ಲಿ ಮುಳುಗಿದೆ, ನೆತ್ತಿ ಮಾತ್ರ ಉಳಿದಿದೆ. ಈ ವಯಸ್ಸಿನಲ್ಲಿ ಚಳಿಗೆ ಕಾಡು ಹತ್ತಿಸುವುದು ಬೇಡವೆಂದು ಅಪ್ಪ ಹೇಳುತ್ತಿದ್ದಾರೆ. ಕೊಲ್ಲುವ ಯೋಚನೆ ಯಾರಿಗೂ ಇಲ್ಲ, ಕೋವಿಯನ್ನು ಮುಟ್ಟುವುದೂ ಇಲ್ಲ. ಅಜ್ಜ ಕಲಿತದ್ದನ್ನು ಅವರ ಪಕ್ಕದಲ್ಲಿ ಕುಳಿತು ಒಂದು ಬೆಳಗಿನ ಮಟ್ಟಿಗಾದರೂ ಕಲಿಯಬೇಕೆಂಬುದು ನನ್ನ ಆಸೆ. ಅನುಮತಿ ಬೇಕೇ? ಯಾವ ಹೊತ್ತಿಗೆ ಹೋದರೆ ಮಿಗ ಕಾಣಬಹುದು? ಜಗಲಿಯ ಗೋಡೆಯ ಮೇಲೆ ಒಂದು ಜೊತೆ ಕಡವೆ ಕೊಂಬೂ ಇದೆ. ಅದನ್ನು ಏನು ಮಾಡಬೇಕು?

ಉತ್ತರ: ತೀರ್ಥಹಳ್ಳಿ ಕಡೆಯ ಹಿರಿಯ

ತಂಗಿ, ಖಂಡಿತ ಹೋಗಿ. ನಾನೂ ಹುಡುಗನಾಗಿದ್ದಾಗ ಅಜ್ಜನ ಹಿಂದೆ ಹಳುವಿಗೆ ಹೋದವನು. ಕೊಂದದ್ದಕ್ಕಿಂತ ಕಾದದ್ದೇ ಹೆಚ್ಚು ನೆನಪಿದೆ. ಹೊರಡುವ ಮೊದಲು ನಮ್ಮಜ್ಜ ಅಂಗಳದಲ್ಲಿ ನಿಂತು ಒಂದು ಚಿಟಿಕೆ ಬೂದಿಯನ್ನು ಗಾಳಿಗೆ ಬಿಡುತ್ತಿದ್ದರು. ಅದು ತೇಲಿದ ದಿಕ್ಕು ನೋಡಿದ ಮೇಲೆಯೇ ಅಂದಿನ ಬಿಲ್ಲು ಯಾವುದೆಂಬುದು ತೀರ್ಮಾನವಾಗುತ್ತಿತ್ತು. ನಮ್ಮ ಮೈಯ ವಾಸನೆ ಮಿಗದ ಕಡೆಗೆ ಹೋದರೆ ಮರೆಯಲ್ಲಿ ಎಷ್ಟು ಹೊತ್ತು ಕುಳಿತರೂ ವ್ಯರ್ಥ. ನೀವು ಹೋಗುವ ದಿನವೂ ಗಾಳಿ ನೋಡುವ ಕೆಲಸವನ್ನು ಅಜ್ಜನಿಗೇ ಬಿಡಿ.

ಬೆಳಕು ಹರಿಯುವುದಕ್ಕೆ ಮೊದಲೇ ಅಲ್ಲಿ ಕುಳಿತಿರಬೇಕು. ರಾತ್ರಿಯೆಲ್ಲ ಮೇದ ಕಡವೆ ಬಿಸಿಲೇರುವ ಮೊದಲು ದಟ್ಟ ಕಾನಿಗೆ ಮರಳುತ್ತದೆ, ಆ ಮರಳುವ ದಾರಿಯೇ ಹಿಂದಿನವರ ಬಿಲ್ಲಿನ ಗುಟ್ಟು. ಚಳಿಗಾಲದಲ್ಲಿ ಹೋರಿ ಕಡವೆಯ ಕೊಂಬು ಬಲಿತಿರುತ್ತದೆ, ಕೆಸರಿನ ಗುಂಡಿಗಳಲ್ಲಿ ಹೊರಳಾಡಿ ಮೈಯೆಲ್ಲ ಮಣ್ಣು ಮಾಡಿಕೊಂಡಿರುತ್ತದೆ. ದಾರಿಯ ಪಕ್ಕದ ಮರದ ಬುಡಗಳಲ್ಲಿ ಸೊಂಟದೆತ್ತರಕ್ಕೆ ಒಣಗಿದ ಕೆಸರು ಮೆತ್ತಿದೆಯೇ ನೋಡಿ. ಇದೇ ಕಾಲದಲ್ಲಿ ಬೆಟ್ಟದ ನೆಲ್ಲಿಕಾಯಿಯೂ ಉದುರುತ್ತದೆ. ಕಾಡುಕುರಿ (ಬೊಗಳುವ ಜಿಂಕೆ) ಅದನ್ನು ಇಡಿಯಾಗಿ ನುಂಗಿ, ಎಲ್ಲೋ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಮಾತ್ರ ಉಗುಳುತ್ತದೆ. ನೆಲ್ಲಿ ಮರವೇ ಇಲ್ಲದ ಜಾಗದಲ್ಲಿ ತೊಳೆದಿಟ್ಟಂತೆ ಬಿದ್ದಿರುವ ನೆಲ್ಲಿ ಬೀಜಗಳನ್ನು ಕಂಡರೆ, ಅದು ಮಿಗ ಮಲಗಿದ್ದ ಜಾಗವೆಂದು ತಿಳಿಯಿರಿ. ಚುಕ್ಕೆ ಜಿಂಕೆಯನ್ನು ನಿಮ್ಮ ದಟ್ಟ ಕಾನಿನಲ್ಲಿ ನಿರೀಕ್ಷಿಸಬೇಡಿ. ಅವುಗಳ ಹಿಂಡನ್ನು ನೋಡಬೇಕೆಂದರೆ ಲಕ್ಕವಳ್ಳಿ ಕಡೆಯ ಭದ್ರಾ ಕಾಡಿಗೆ ಹೋಗಬೇಕು. ಅಲ್ಲಿ ಸಫಾರಿ ವಾಹನವಿದೆ, ಗುಡ್ಡ ಹತ್ತುವುದು ಅಜ್ಜನಿಂದ ಆಗದಿದ್ದರೆ ಅದೂ ಒಂದು ದಾರಿ.

ಕೆಮ್ಮು ಬಂದರೆ ಕಂಬಳಿಯ ಸೆರಗಿನಲ್ಲಿ ಮುಖ ಒತ್ತಿಕೊಳ್ಳಬೇಕೆಂದು ನಮಗೆ ಕಲಿಸಿದ್ದರು. ನೀವೂ ಕಂಬಳಿಯನ್ನೇ ಹೊದೆಯಿರಿ, ಈಗಿನ ಜಾಕೆಟ್ಟುಗಳು ಅಲುಗಿದರೆ ಸರಬರ ಸದ್ದು ಮಾಡುತ್ತವೆ.

ಉತ್ತರ: ಕಾನಂಚಿನ ಮನೆ

ಹಿರಿಯರ ಮಾತಿಗೆ ಕಾನೂನಿನ ಮತ್ತು ಆರೋಗ್ಯದ ವಿಷಯವನ್ನು ಸೇರಿಸುತ್ತೇನೆ, ಎರಡನ್ನೂ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1972ರಲ್ಲಿಯೇ ಶರಾವತಿ ಕಣಿವೆ ಅಭಯಾರಣ್ಯವಾಯಿತು, ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ನಿಮ್ಮ ಗುಡ್ಡ ಅಭಯಾರಣ್ಯದ ಗಡಿಯೊಳಗಿದ್ದರೆ, ಅಜ್ಜ ಹುಟ್ಟಿ ಬೆಳೆದ ಜಾಗವೇ ಆಗಿದ್ದರೂ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಅನುಮತಿ ಕೇಳಿ, ಸಾಧ್ಯವಾದರೆ ಕಾವಲುಗಾರರೊಬ್ಬರನ್ನು ಜೊತೆಗೆ ಕಳುಹಿಸಲು ಕೋರಿಕೊಳ್ಳಿ. ಬೆಳೆ ರಕ್ಷಣೆಯ ಪರವಾನಗಿ ಇರುವ ಕೋವಿಯಾದರೂ ಅದು ಮನೆಯಲ್ಲೇ ಇರಲಿ, ನೆನಪಿಗೆಂದು ಹೆಗಲಿಗೆ ಹಾಕಿಕೊಂಡು ಹೋಗುವುದೂ ಬೇಡ. ಉದುರಿ ಬಿದ್ದ ಕೊಂಬು ಕಂಡರೆ ನೋಡಿ ಅಲ್ಲಿಯೇ ಬಿಟ್ಟು ಬನ್ನಿ.

ಗೋಡೆಯ ಮೇಲಿನ ಕೊಂಬಿಗೆ ಸಂಬಂಧಿಸಿದಂತೆ, ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪ್ರಮಾಣಪತ್ರವೇನಾದರೂ ಹಳೆಯ ಕಾಗದಗಳಲ್ಲಿ ಇದೆಯೇ ಎಂದು ಹುಡುಕಿ. ದಾಖಲೆಯಿಲ್ಲದ ಇಂಥ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳ ಅವಕಾಶ ಕೊಟ್ಟಿತ್ತು. ಆಗ ಒಪ್ಪಿಸದೇ ಉಳಿದಿದ್ದರೆ ಬಚ್ಚಿಡುವ ಬದಲು ನೀವಾಗಿಯೇ ಅರಣ್ಯ ಇಲಾಖೆಗೆ ತಿಳಿಸುವುದು ಒಳ್ಳೆಯದು. ಮಾರುವುದನ್ನಾಗಲಿ ಉಡುಗೊರೆ ಕೊಡುವುದನ್ನಾಗಲಿ ಮಾಡಲೇಬೇಡಿ.

ನನಗೆ ಹೆಚ್ಚಿನ ಭಯವಿರುವುದು ಉಣುಗಿನದು. ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದು ಹರಡುವ ಕಾಲವೂ ಡಿಸೆಂಬರಿನಿಂದ ಬೇಸಿಗೆಯವರೆಗೆ, ಅಂದರೆ ನೀವು ಹೋಗಬೇಕೆಂದಿರುವ ದಿನಗಳೇ. ಮೊದಲು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಈ ವರ್ಷ ಹೋಗಲೇಬೇಡಿ. ಹೋಗುವುದಾದರೆ ಮೈ ತುಂಬಾ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. 86ರ ವಯಸ್ಸಿಗೆ ಆ ಜ್ವರವನ್ನು ತಡೆಯುವುದು ಬಹಳ ಕಷ್ಟ.

ಮರುಉತ್ತರ: ಹಿನ್ನೀರಿನ ಮೊಮ್ಮಗಳು

ಇಬ್ಬರಿಗೂ ನಮಸ್ಕಾರ. ಹೋಗಿ ಬಂದೆವು. ನಮ್ಮ ಸುತ್ತಮುತ್ತ ಈ ಸಲ ಮಂಗ ಸತ್ತಿಲ್ಲವೆಂದು ಆರೋಗ್ಯ ಕೇಂದ್ರದವರು ಹೇಳಿದ ಮೇಲೆಯೇ ಅಪ್ಪ ಒಪ್ಪಿದರು, ಕೊನೆಗೆ ತಾವೂ ಹೊರಟರು. ಅನುಮತಿ ಸಿಕ್ಕಿತು, ಒಬ್ಬ ಕಾವಲುಗಾರರು ಜೊತೆಗೆ ಬಂದರು. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ನಂದಿ ಮರ ಬಿದ್ದು ಎಷ್ಟು ವರ್ಷವಾಗಿದೆಯೋ, ಬುಡ ಮಾತ್ರ ಇದೆ. ಅಜ್ಜ ಅದನ್ನು ಕೋಲಿನಿಂದ ತಟ್ಟಿ ನೋಡಿ, ಒಳಗಿನಿಂದ ಏನೂ ಹೊರಬರುವುದಿಲ್ಲವೆಂದು ಖಚಿತವಾದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಸಿ ಕುಳಿತರು. ನನ್ನನ್ನು ಎಡಕ್ಕೆ ಕೂರಿಸಿಕೊಂಡರು; ಅವರ ಅಜ್ಜನೂ ಹಾಗೆಯೇ ಕೂರಿಸುತ್ತಿದ್ದರಂತೆ, ಕೋವಿಯ ಬಲಗಡೆ ಯಾರೂ ಇರಬಾರದೆಂದು.

ಕಡವೆ ನಮಗೆ ಕಾಣಲಿಲ್ಲ. ಹಿನ್ನೀರಿನ ಮೇಲೆ ಇಬ್ಬನಿ ಇನ್ನೂ ಬಿದ್ದುಕೊಂಡಿದ್ದಾಗ ಕೆಳಗಿನಿಂದ ಕಾಡುಕುರಿ ಬೊಗಳುವಂತೆ ಕೂಗಿತು. ಅಜ್ಜ ನನ್ನ ಮಣಿಕಟ್ಟನ್ನು ಹಿಡಿದು, ಕೂಗು ನಿಲ್ಲುವವರೆಗೂ ಬಿಡಲಿಲ್ಲ. ಅದು ನಮ್ಮನ್ನು ಕಂಡು ಕೂಗಿದ್ದಲ್ಲ, ನಮ್ಮ ಕಡೆಗೆ ಗಾಳಿಯೇ ಇಲ್ಲ, ಬೇರೆ ಏನನ್ನೋ ಕಂಡಿದೆ ಎಂದು ಆಮೇಲೆ ಪಿಸುಗುಟ್ಟಿದರು. ಇಳಿಯುವಾಗ ಒಂದು ಬಂಡೆಯ ಮಗ್ಗುಲಲ್ಲಿ ನೆಲ್ಲಿ ಬೀಜಗಳು ಸಿಕ್ಕವು, ಹನ್ನೆರಡೋ ಹದಿಮೂರೋ ಇದ್ದವು. ಸುತ್ತ ನೆಲ್ಲಿ ಮರವಿರಲಿಲ್ಲ. ನಾನು ತೋರಿಸುವವರೆಗೂ ಅಜ್ಜ ಸುಮ್ಮನೆ ನಿಂತಿದ್ದರು. ಆಮೇಲೆ, "ಕಣ್ಣಿದೆ ನಿಂಗೆ" ಎಂದರು.

ಕೊಂಬಿನ ಪ್ರಮಾಣಪತ್ರ ಟ್ರಂಕಿನಲ್ಲಿ ಸಿಗಲಿಲ್ಲ, ಸಿಕ್ಕಿದ್ದು ಚುನಾವಣೆಗಳಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಿದ ರಸೀದಿಗಳು ಮಾತ್ರ. ಸೋಮವಾರ ಅಪ್ಪನೂ ನಾನೂ ಅರಣ್ಯ ಕಚೇರಿಗೆ ಹೋಗುತ್ತಿದ್ದೇವೆ. ಅಜ್ಜನೇ ಕೊಂಬನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದಾರೆ.